ಮೊದಲ ಸಲ ನೀರಿಗಿಳಿಯುವವರಿಗೆ ಕಲಿಸುವ ಇನ್‌ಸ್ಟ್ರಕ್ಟರ್‌ಗೆ ಯಾವ ಗೇರ್ ಸರಿ?

ನೀಲಿಗಡಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಇನ್‌ಸ್ಟ್ರಕ್ಟರ್ ಕೋರ್ಸ್ ಮುಗಿಯಿತು. ಮಳೆಗಾಲ ಕಳೆದು ಬೋಟುಗಳು ಹೊರಟ ಕೂಡಲೇ ಮುರುಡೇಶ್ವರದ ಒಂದು ಸೆಂಟರ್‌ಗೆ ಸೇರುತ್ತಿದ್ದೇನೆ. ನೇತ್ರಾಣಿ ದ್ವೀಪಕ್ಕೆ ಬರುವವರು ಹೇಗಿರುತ್ತಾರೆ ನಿಮಗೇ ಗೊತ್ತು. ಹೆಚ್ಚಿನವರು ಬೆಂಗಳೂರು ಕಡೆಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು, ಜೀವನದಲ್ಲಿ ಮೊದಲ ಸಲ ಟ್ಯಾಂಕ್ ಕಟ್ಟಿಕೊಳ್ಳುವವರು. ಎಷ್ಟೋ ಜನಕ್ಕೆ ಈಜು ಬರುವುದಿಲ್ಲ.

ನಾನು ಈವರೆಗೆ ಡೈವ್ ಮಾಡಿದ್ದೆಲ್ಲ ಬ್ಯಾಕ್‌ಪ್ಲೇಟ್ (ಬೆನ್ನಿಗೆ ಕಟ್ಟುವ ಲೋಹದ ಹಲಗೆ), ವಿಂಗ್ (ಅದಕ್ಕೆ ಸೇರಿಸುವ ಗಾಳಿಚೀಲ), ಎರಡು ಮೀಟರ್ ಉದ್ದದ ಹೋಸ್ (ಉಸಿರಾಟದ ಕೊಳವೆ) ಹಾಕಿಕೊಂಡು. ಮಾಸ್ಕ್, ಫಿನ್ಸ್ ಎಲ್ಲ ಕಪ್ಪು. ನನಗೆ ಇದು ಚೆನ್ನಾಗಿ ಒಗ್ಗಿದೆ. ಆದರೆ ಸೆಂಟರ್‌ನಲ್ಲಿ ಕಲಿಯುವವರಿಗೆ ಕೊಡುವುದು ಮಾಮೂಲಿ ಜಾಕೆಟ್ ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್. ನಾನೂ ಜಾಕೆಟ್‌ಗೆ ಬದಲಾಗಬೇಕಾ? ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಹಳೆಯದು, ಅದನ್ನಂತೂ ಬದಲಿಸಲೇಬೇಕು. ದುಡ್ಡು ಲೆಕ್ಕದಲ್ಲೇ ಇದೆ, ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಆಗುವುದಿಲ್ಲ. ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಹವಳದಿಬ್ಬ:

ಅಭಿನಂದನೆ. ನಾನು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಕಲಿಸುತ್ತೇನೆ. ನೇರವಾಗಿ ಹೇಳುತ್ತೇನೆ, ಜಾಕೆಟ್ ತಗೊಳ್ಳಿ. ನಿಮಗೆ ಯಾವುದು ಒಗ್ಗಿದೆ ಅನ್ನೋದು ಇಲ್ಲಿ ಆಮೇಲಿನ ಮಾತು. ಕಲಿಯುವವರ ಕಣ್ಣು ನೀರಿನೊಳಗೆ ಇರುವಷ್ಟು ಹೊತ್ತೂ ನಿಮ್ಮ ಮೇಲೇ ಇರುತ್ತದೆ. ಅಲ್ಲಿ ಬಾಯಲ್ಲಿ ಹೇಳಲು ಆಗುವುದಿಲ್ಲ, ಮಾಡಿ ತೋರಿಸಬೇಕು ಅಷ್ಟೇ. ಜಾಕೆಟ್‌ಗೆ ಗಾಳಿ ತುಂಬುವ ಇನ್‌ಫ್ಲೇಟರ್ ಎಲ್ಲಿ ತೂಗುತ್ತದೆ, ಗಾಳಿ ಬಿಡುವ ಬಟನ್ ಯಾವುದು, ಭುಜದ ಬಕಲ್ ಹೇಗೆ ಬಿಚ್ಚುವುದು, ಇದೆಲ್ಲ ಅವರಿಗೆ ಇರುವ ಜಾಗದಲ್ಲೇ ನಿಮಗೂ ಇದ್ದರೆ ನೋಡಿದ ಕೂಡಲೇ ಅವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಿಮ್ಮದೊಂದು ಥರ, ಅವರದೊಂದು ಥರ ಇದ್ದರೆ ಭಯದಲ್ಲಿರುವ ಮನುಷ್ಯ ಹುಡುಕುತ್ತಾ ನಿಲ್ಲುತ್ತಾನೆ.

ಇನ್ನೊಂದು ಕಾರಣ ನೀರಿನ ಮೇಲೆ. ಈಜು ಬಾರದವರು ಮೇಲೆ ಬಂದ ತಕ್ಷಣ ನಿಮ್ಮನ್ನು ಹಿಡಿದುಕೊಳ್ಳುತ್ತಾರೆ. ಜಾಕೆಟ್ ನಿಮ್ಮನ್ನು ನೇರವಾಗಿ ನಿಲ್ಲಿಸುತ್ತದೆ. ವಿಂಗ್‌ಗೆ ಪೂರ್ತಿ ಗಾಳಿ ತುಂಬಿದರೆ ಬೆನ್ನಿಂದ ಮುಂದಕ್ಕೆ ತಳ್ಳುತ್ತದೆ. ಅಲೆ ಇದ್ದು, ಒಬ್ಬರು ಭುಜಕ್ಕೆ ಜೋತು ಬಿದ್ದಿರುವಾಗ ಅದು ಬೇಡದ ತಲೆನೋವು.

ಆಕ್ಟೋಪಸ್ (ಇನ್ನೊಬ್ಬರಿಗೆ ಉಸಿರಾಡಲು ಕೊಡುವ ಎರಡನೇ ರೆಗ್ಯುಲೇಟರ್ ತುದಿ) ಹಳದಿಯದೇ ಇರಲಿ, ಅದರ ಹೋಸ್ ಕೂಡ ಹಳದಿ ಆದರೆ ಇನ್ನೂ ಒಳ್ಳೆಯದು. ಗದ್ದದಿಂದ ಪಕ್ಕೆಲುಬಿನ ಕೆಳತುದಿಯವರೆಗೆ, ಎದೆಯ ಮೇಲೆ ಕಾಣುವ ಹಾಗೆ ಸಿಕ್ಕಿಸಿ. ಒಂದೇ ಎಳೆತಕ್ಕೆ ಕೈಗೆ ಬರಬೇಕು. ಇನ್‌ಫ್ಲೇಟರ್‌ನಲ್ಲೇ ಆಕ್ಟೋಪಸ್ ಸೇರಿಸಿದ ಮಾದರಿಯನ್ನು ಮಾತ್ರ ಕೊಳ್ಳಬೇಡಿ. ಬಾಯಲ್ಲಿರುವುದನ್ನು ಅವರಿಗೆ ಕೊಟ್ಟು, ನೀವು ಆ ಗಿಡ್ಡ ಹೋಸಿನಿಂದ ಉಸಿರಾಡುತ್ತಾ, ಮೇಲೇರುವಾಗ ಅದರಲ್ಲೇ ಗಾಳಿ ಬಿಡುತ್ತಾ, ಇನ್ನೊಂದು ಕೈಯಲ್ಲಿ ಒದ್ದಾಡುವವರನ್ನು ಹಿಡಿಯಬೇಕಾಗುತ್ತದೆ. ಅನುಭವಸ್ಥರ ಜೊತೆ ಸರಿ, ಹೊಸಬರ ಜೊತೆ ಬೇಡವೇ ಬೇಡ.

ಮಾಸ್ಕ್ ಬದಲಿಸಿ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಕಪ್ಪು ಸ್ಕರ್ಟ್ (ಮುಖಕ್ಕೆ ಅಂಟುವ ಮೆತ್ತನೆಯ ಅಂಚು) ಫೋಟೋ ತೆಗೆಯುವವರಿಗೆ ಚೆನ್ನ. ಕಲಿಸುವವರಿಗೆ ಪಾರದರ್ಶಕ ಸಿಲಿಕೋನ್, ಕನ್ನಡಿಯಂತೆ ಹೊಳೆಯದ ಗಾಜು. ನಿಮ್ಮ ಕಣ್ಣು ಅವರಿಗೆ ಕಾಣಬೇಕು.

ಫುಜೈರಾದಿಂದ:

ಮೇಲಿನವರ ಮಾತಲ್ಲಿ ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಬ್ಯಾಕ್‌ಪ್ಲೇಟ್ ಬಿಡಬೇಕಾಗಿಲ್ಲ. ಹೊಸಬರು ನೋಡಿ ಕಲಿಯುತ್ತಾರೆ ಅನ್ನುವುದಾದರೆ ಅವರು ಮೊದಲು ನೋಡಬೇಕಾದ್ದು ಬಕಲ್ ಅಲ್ಲ, ನೀರಲ್ಲಿ ಅಡ್ಡವಾಗಿ, ಅಲುಗಾಡದೆ, ನೆಲ ಮುಟ್ಟದೆ ನಿಂತಿರುವ ಇನ್‌ಸ್ಟ್ರಕ್ಟರನ್ನು. ಎಷ್ಟೋ ಕಡೆ ಇವತ್ತಿಗೂ ಮಂಡಿಯೂರಿಸಿ ಕಲಿಸುತ್ತಾರೆ. ಆ ಅಭ್ಯಾಸ ಆಮೇಲೆ ಹವಳದ ಮೇಲೆ ಕಾಲಿಡುವವರೆಗೂ ಹೋಗುತ್ತದೆ. ಬ್ಯಾಕ್‌ಪ್ಲೇಟ್‌ನಲ್ಲಿ ಆ ಭಂಗಿ ಸುಲಭ. ಸ್ಟೀಲ್ ಪ್ಲೇಟ್ ಹೆಚ್ಚು ಕಡಿಮೆ ಎರಡೂವರೆ ಕಿಲೋ ಇರುವುದರಿಂದ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸವೂ ಕಡಿಮೆಯಾಗುತ್ತದೆ.

ಬೋಟ್ ಹತ್ತುವ ಮೊದಲು ಎರಡು ನಿಮಿಷ ನಿಮ್ಮ ಗೇರ್ ತೋರಿಸಿ, ಗಾಳಿ ಬೇಕಾದರೆ ನಾನೇ ಕೊಡುತ್ತೇನೆ, ನೀವು ಹುಡುಕಬೇಡಿ ಅಂದರೆ ಸಾಕು. ಗಾಬರಿಯಾದವರು ಹೇಗೂ ಆಕ್ಟೋಪಸ್ ಹುಡುಕುವುದಿಲ್ಲ, ನಿಮ್ಮ ಬಾಯಲ್ಲಿರುವುದಕ್ಕೇ ಕೈ ಹಾಕುತ್ತಾರೆ. ಉದ್ದ ಹೋಸ್ ಆಗ ಕೆಲಸಕ್ಕೆ ಬರುತ್ತದೆ.

ಆದರೆ ನೀವು ಪೂರ್ತಿ ಓಪನ್ ವಾಟರ್ ಕೋರ್ಸ್ (ಡೈವರ್ ಆಗುವ ಮೊದಲ ಹಂತದ ತರಬೇತಿ) ಕಲಿಸುತ್ತೀರಾ ಅಥವಾ ಬರೀ ಮೊದಲ ಡೈವಿನವರನ್ನು ಕರೆದೊಯ್ಯುತ್ತೀರಾ? ಕೋರ್ಸ್‌ನಲ್ಲಿ ಬಿಸಿಡಿ ಕಳಚಿ ಮತ್ತೆ ಹಾಕಿಕೊಳ್ಳುವುದನ್ನು ತೋರಿಸಬೇಕು. ಅವತ್ತು ಸೆಂಟರ್‌ನ ಜಾಕೆಟನ್ನೇ ಹಾಕಿಕೊಳ್ಳಿ, ದುಡ್ಡು ಉಳಿಯಿತಲ್ವಾ.

ಮಾಸ್ಕ್ ವಿಷಯ ನೂರಕ್ಕೆ ನೂರು ಒಪ್ಪಿದೆ. ಫಿನ್ಸ್ ಕೂಡ ಹಳದಿಯೋ ಬಿಳಿಯೋ ಇರಲಿ. ನೀರು ಕದಡಿದ ದಿನ ಕಪ್ಪು ಕಾಣುವುದೇ ಇಲ್ಲ. ತುಂಬ ಉದ್ದದ್ದು ಬೇಡ. ಇಬ್ಬರ ಟ್ಯಾಂಕ್ ವಾಲ್ವ್ ಹಿಡಿದುಕೊಂಡು ಹೋಗುವಾಗ ಕೈ ಖಾಲಿ ಇರುವುದಿಲ್ಲ. ತಿರುಗುವುದು, ಹಿಂದೆ ಸರಿಯುವುದು ಎಲ್ಲ ಕಾಲಲ್ಲೇ ಆಗಬೇಕು. ಅದಕ್ಕೆ ಗಿಡ್ಡ, ಬಿಗಿ ಫಿನ್ಸ್ ಮತ್ತು ಸ್ಪ್ರಿಂಗ್ ಸ್ಟ್ರಾಪ್.

ಓ-ರಿಂಗ್:

ನಾನು ರೆಗ್ಯುಲೇಟರ್ ಸರ್ವಿಸ್ ಮಾಡುವವನು, ಹಾಗಾಗಿ ಅದರ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ದುಡ್ಡಿನ ದೊಡ್ಡ ಪಾಲು ಇದಕ್ಕೇ ಹೋಗಲಿ. ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್ (ಟ್ಯಾಂಕಿಗೆ ಸೇರಿಸುವ, ಗಾಳಿಯ ಒತ್ತಡ ಇಳಿಸುವ ಭಾಗ) ಬೇಕೇ ಬೇಕು. ಬ್ಯಾಲೆನ್ಸ್ ಇಲ್ಲದ್ದು ಟ್ಯಾಂಕ್ ಖಾಲಿಯಾಗುತ್ತಾ ಬಂದ ಹಾಗೆ ಉಸಿರೆಳೆಯಲು ಬಿಗಿಯಾಗುತ್ತದೆ. ನಿಮಗೊಬ್ಬರಿಗೆ ಅದು ಗೊತ್ತಾಗದೇ ಇರಬಹುದು. ಆದರೆ ಡೈವ್‌ನ ಕೊನೆಯಲ್ಲಿ, 12 ಮೀಟರ್ ಕೆಳಗೆ, ಏದುಸಿರು ಬಿಡುತ್ತಿರುವ ಇನ್ನೊಬ್ಬರು ನಿಮ್ಮ ಟ್ಯಾಂಕಿನಿಂದಲೇ ಎಳೆಯುತ್ತಿದ್ದರೆ? ಆ ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನ ಎರಡು ಪಟ್ಟಿಗಿಂತ ಜಾಸ್ತಿ ಗಾಳಿ ಬೇಕು.

ಫಸ್ಟ್ ಸ್ಟೇಜ್ ಪಿಸ್ಟನ್ನಿನದಾ, ಒಳಗೆ ರಬ್ಬರ್ ಪೊರೆ ಇರುವ ಡಯಾಫ್ರಮ್ಮಿನದಾ ಅಂತ ಕೇಳುತ್ತೀರಿ. ಸ್ಕೂಬಾಪ್ರೊ ಎಂಕೆ25 ಥರದ ಪಿಸ್ಟನ್ ಗಾಳಿ ಧಾರಾಳ ಕೊಡುತ್ತದೆ, ಆದರೆ ಅದರ ಸ್ಪ್ರಿಂಗ್ ಇರುವ ಭಾಗಕ್ಕೆ ನೀರು ನುಗ್ಗುತ್ತದೆ. ದಿನಾ ಉಪ್ಪು, ಮರಳು, ಕೆಸರು ಅಂದರೆ ನಾನು ಸೀಲ್ ಮಾಡಿದ ಡಯಾಫ್ರಮ್ ಕಡೆಗೇ ಹೋಗುತ್ತೇನೆ. ಬ್ರ್ಯಾಂಡ್ ಯಾವುದಾದರೂ ಸರಿ. ಕೊಳ್ಳುವ ಮೊದಲು ಅದರ ಸರ್ವಿಸ್ ಕಿಟ್ ಇಲ್ಲೇ ಸಿಗುತ್ತದಾ, ಬಿಚ್ಚಿ ಜೋಡಿಸಬಲ್ಲವರು ಯಾರಿದ್ದಾರೆ ಎಂದು ಕೇಳಿಕೊಳ್ಳಿ. ವಿದೇಶದಿಂದ ಅಗ್ಗಕ್ಕೆ ತರಿಸಿ, ಸೀಸನ್ ಮಧ್ಯೆ ಒಂದು ಸೀಟ್ (ಒಳಗಿನ ಸಣ್ಣ ವಾಲ್ವ್ ಭಾಗ) ಸಿಗದೆ ಕೂತವರನ್ನು ನೋಡುತ್ತಲೇ ಇರುತ್ತೇನೆ. ನಮ್ಮ ಕಡೆ ಹೆಚ್ಚಾಗಿ ಯೋಕ್ ವಾಲ್ವ್ (ರೆಗ್ಯುಲೇಟರನ್ನು ಹೊರಗಿನಿಂದ ಕ್ಲಾಂಪ್‌ನಂತೆ ಬಿಗಿಯುವ) ಟ್ಯಾಂಕೇ ಇರುತ್ತದೆ. ತಿರುಪಿ ಕೂರಿಸುವ ಡಿನ್ ಮಾದರಿ ಕೊಂಡರೆ ಯೋಕ್ ಅಡಾಪ್ಟರ್ ಜೊತೆಗಿಟ್ಟುಕೊಳ್ಳಿ.

ಸಂಜೆ ತೊಳೆಯುವಾಗ ಡಸ್ಟ್ ಕ್ಯಾಪ್ ಒರೆಸಿ ಬಿಗಿಯಾಗಿ ಹಾಕಿ. ಸೆಕೆಂಡ್ ಸ್ಟೇಜ್ (ಬಾಯಲ್ಲಿಡುವ ಭಾಗ) ನೀರಲ್ಲಿ ಮುಳುಗಿರುವಾಗ ಅದರ ಗಾಳಿ ಬಿಡುವ ಪರ್ಜ್ ಬಟನ್ ಒತ್ತಬೇಡಿ, ನೀರು ಹೋಸಿನೊಳಕ್ಕೆ ಹೋಗುತ್ತದೆ. ನನ್ನ ಹತ್ತಿರ ಬರುವ ಎಷ್ಟೋ ಫಸ್ಟ್ ಸ್ಟೇಜ್ ಬಿಚ್ಚಿದರೆ ಫಿಲ್ಟರ್ ಹಸಿರುಗಟ್ಟಿರುತ್ತದೆ. ಅದು ಒಳಗೆ ಉಪ್ಪುನೀರು ಸೇರಿದ ಗುರುತು.

ಮೊನ್ನೆಮೊನ್ನೆ ಇಳಿದವಳು:

ನಾನು ಇನ್‌ಸ್ಟ್ರಕ್ಟರ್ ಅಲ್ಲ. ನೇತ್ರಾಣಿಯಲ್ಲೇ ಮೊದಲ ಡೈವ್ ಮಾಡಿದವಳು, ಈಜು ಬರುವುದಿಲ್ಲ. ಕಲಿಯುವವರ ಕಡೆಯಿಂದ ಒಂದು ಮಾತು ಹೇಳಲೇಬೇಕು ಅನ್ನಿಸಿತು. ನೀವು ಯಾವ ಬಿಸಿಡಿ ಹಾಕಿದ್ದೀರಿ ಎಂದು ನಾವು ನೋಡಿರುವುದೇ ಇಲ್ಲ. ನನಗೆ ನೆನಪಿರುವುದು ಮೌತ್‌ಪೀಸ್. ಅದು ನನ್ನ ಬಾಯಿಗೆ ದೊಡ್ಡದು. ಬಿಟ್ಟರೆ ಜಾರಿಬಿಡುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ಇದ್ದೆ, ದವಡೆ ನೋವು, ತುಟಿಯ ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಉಪ್ಪುನೀರು. ಉಸಿರಾಟಕ್ಕಿಂತ ಅದರ ಮೇಲೇ ನನ್ನ ಗಮನವೆಲ್ಲ. ಇನ್‌ಸ್ಟ್ರಕ್ಟರ್ ನನ್ನ ಮುಖ ನೋಡಿ, ಮೇಲೆ ಕರೆತಂದು, ತಮ್ಮ ಜೇಬಿನಿಂದ ಚಿಕ್ಕ ಮೌತ್‌ಪೀಸ್ ತೆಗೆದು ಹಳೆಯದನ್ನು ಬಿಚ್ಚಿ ಹೊಸದಕ್ಕೆ ಝಿಪ್ ಟೈ ಬಿಗಿದು ಕೊಟ್ಟರು. ಆಮೇಲಿನದ್ದೆಲ್ಲ ಸುಲಭವಾಯಿತು. ದಯವಿಟ್ಟು ಇಂಥವನ್ನು ಕೊಂಡು ಇಟ್ಟುಕೊಳ್ಳಿ. ಸಣ್ಣ ಮುಖಕ್ಕೆ ಆಗುವ ಒಂದು ಮಾಸ್ಕ್ ಕೂಡ.

ನೀಲಿಗಡಲು:

ತುಂಬ ಥ್ಯಾಂಕ್ಸ್. ಮೌತ್‌ಪೀಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಸದ್ಯಕ್ಕೆ ಹೆಚ್ಚಾಗಿ ಮೊದಲ ಡೈವಿನವರೇ, ಕೋರ್ಸ್ ಆಮೇಲೆ. ವೇಟ್, ಅಂದರೆ ಸೀಸದ ಬಗ್ಗೆಯೂ ಹೇಳಿ. ನಾನು ನನಗೆ ಬೇಕಾದಷ್ಟೇ ಹಾಕಿಕೊಂಡರೆ ಸಾಕಾ? ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ಉಪಕರಣ) ದುಬಾರಿಯದ್ದು ಬೇಕಾ?

ಹವಳದಿಬ್ಬ:

ಮೊದಲ ಡೈವಿನವರೇ ಅಂದರೆ ನನ್ನ ಓಟು ಜಾಕೆಟ್‌ಗೇ, ಬೇಜಾರಾಗಬೇಡಿ ಫುಜೈರಾದವರೇ. ವೇಟ್ ನಿಮಗೆ ಬೇಕಾದ್ದಕ್ಕಿಂತ ಒಂದೆರಡು ಕಿಲೋ ಜಾಸ್ತಿ ಇರಲಿ, ಅದೂ ಒಂದೊಂದು ಕಿಲೋದ ತುಂಡುಗಳಾಗಿ, ಬಿಚ್ಚಿ ಕೊಡಲು ಬರುವ ಹಾಗೆ. ನಾವು ಬಳಸುವ 11 ಲೀಟರ್ ಅಲ್ಯೂಮಿನಿಯಂ ಟ್ಯಾಂಕ್ ತುಂಬಿದಾಗ ಮುಳುಗುತ್ತದೆ, ಖಾಲಿಯಾದಾಗ ತೇಲುತ್ತದೆ. ಹೊಸಬರು ಭಯಕ್ಕೆ ಎದೆ ತುಂಬ ಉಸಿರು ಎಳೆದುಕೊಂಡು ಇರುತ್ತಾರೆ. ಎರಡೂ ಸೇರಿ ಡೈವ್‌ನ ಕೊನೆಯಲ್ಲಿ ಅವರು ಮೇಲಕ್ಕೆ ಹೋಗಲು ಶುರು ಮಾಡುತ್ತಾರೆ. ಉಸಿರು ಹಿಡಿದು ಮೇಲೇರುವುದು ಶ್ವಾಸಕೋಶಕ್ಕೆ ಎಷ್ಟು ಅಪಾಯ ಎಂದು ನಿಮಗೆ ಹೇಳಬೇಕಿಲ್ಲ. ಆಗ ಆ ಒಂದು ಕಿಲೋ ತುಂಡು ಅವರ ಜೇಬಿಗೆ ಹೋಗಬೇಕು. ಹಾಗೆಂದು ಮೊದಲೇ ಅವರಿಗೆ ಸಿಕ್ಕಾಪಟ್ಟೆ ಸೀಸ ಕಟ್ಟಿ ಇಳಿಸುವುದು ತಪ್ಪು.

ಕಂಪ್ಯೂಟರ್ ದುಬಾರಿ ಬೇಡ. ಅಂಕಿ ದೊಡ್ಡದಾಗಿ ಕಾಣಬೇಕು, ಕೈಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವಂಥದ್ದು ಇರಬೇಕು, ಅಷ್ಟೇ. ಅದನ್ನು ಸ್ವಲ್ಪ ಎಚ್ಚರಿಕೆಯ ಸೆಟ್ಟಿಂಗ್‌ನಲ್ಲೇ ಇಡಿ. ಒಂದೇ ದಿನದಲ್ಲಿ ಮತ್ತೆ ಮತ್ತೆ ಇಳಿದು ಹತ್ತುವುದು ನೀವು, ಅವರಲ್ಲ. ನೀರು ಬೆಚ್ಚಗಿದೆ ಎಂದು ಬರೀ ತೆಳು ಬಟ್ಟೆಯ ರ‍್ಯಾಷ್‌ಗಾರ್ಡ್‌ನಲ್ಲಿ ಇಳಿಯಬೇಡಿ. ಕೈಕಾಲು ಆಡಿಸದೆ ಒಂದೇ ಕಡೆ ನಿಲ್ಲುವುದರಿಂದ ಚಳಿ ಹಿಡಿಯುತ್ತದೆ, 3 ಮಿಲಿಮೀಟರ್ ವೆಟ್‌ಸೂಟ್ ಹಾಕಿ. ಸೀಟಿ, ಎಸ್‌ಎಂಬಿ (ನೀರಿನ ಮೇಲೆ ತೇಲಿಸಿ ಜಾಗ ತೋರಿಸುವ ಗಾಳಿಕೊಳವೆ), ಬರೆಯುವ ಸ್ಲೇಟ್, ದಾರ ಕತ್ತರಿಸುವ ಕಟರ್, ಇಷ್ಟೂ ಸೇರಿಸಿ. ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ, ಸಿಲಿಂಡರ್ ತುಂಬಿದೆಯಾ ಎಂದು ಹೊರಡುವ ಮೊದಲು ನೀವೇ ತೆರೆದು ನೋಡಿ. ಅದು ಸೆಂಟರ್‌ನವರ ಕೆಲಸ ಎಂದು ಬಿಡಬೇಡಿ.

ನೀಲಿಗಡಲು:

ಸರಿ, ಹಾಗಾದರೆ ರೆಗ್ಯುಲೇಟರ್ ಹೊಸದು, ಮಾಸ್ಕ್ ಮತ್ತು ಫಿನ್ಸ್ ಹೊಸದು. ಜಾಕೆಟ್ ಸೆಕೆಂಡ್ ಹ್ಯಾಂಡ್ ನೋಡುತ್ತೇನೆ, ಬ್ಯಾಕ್‌ಪ್ಲೇಟ್ ಕೋರ್ಸ್‌ಗೆ ಇರಲಿ. ಯಾರ ಹತ್ತಿರವಾದರೂ ಮೀಡಿಯಂ ಸೈಜಿನ ಜಾಕೆಟ್ ಮಾರಾಟಕ್ಕಿದ್ದರೆ ಮೆಸೇಜ್ ಮಾಡಿ. ಗಾಳಿ ತುಂಬಿ ಒಂದು ರಾತ್ರಿ ಇಟ್ಟು, ಸೋರುತ್ತದಾ ಎಂದು ನೋಡಿಯೇ ತಗೊಳ್ಳುತ್ತೇನೆ.