ಹೊಸ .44 ಮ್ಯಾಗ್ನಂ ರಿವಾಲ್ವರ್: ಹನ್ನೆರಡು ಹೊಡೆದ ಮೇಲೆ ಸಿಲಿಂಡರ್ ಬಿಗಿ

ಹೊಸಗುರಿ:
ಎಲ್ಲರಿಗೂ ನಮಸ್ಕಾರ. ದೊಡ್ಡ ಫ್ರೇಮಿನ ಆರು ತೋಟಾದ ರಿವಾಲ್ವರ್ ತಗೊಂಡೆ. .44 ಮ್ಯಾಗ್ನಂ, ಸ್ಟೀಲ್, ಆರು ಇಂಚಿನ ಬ್ಯಾರೆಲ್. ಕಂಪನಿ ಹೆಸರು ಬೇಡ ಬಿಡಿ, ತಪ್ಪು ಯಾರದೋ ಇನ್ನೂ ಗೊತ್ತಿಲ್ಲ. ಮೊನ್ನೆ ರೇಂಜಿನಲ್ಲಿ ಮೊದಲ ಸಲ ಹೊಡೆದೆ. 240 ಗ್ರೇನಿನ (ಗುಂಡಿನ ತೂಕದ ಅಳತೆ) ಫ್ಯಾಕ್ಟರಿ ತೋಟಾ. ಮೊದಲ ಹನ್ನೆರಡು ಸಲೀಸು. ಮೂರನೇ ಸಲ ತುಂಬಿದ ಮೇಲೆ ಟ್ರಿಗರ್ ಭಾರವಾಯಿತು, ಮೂರನೇ ಗುಂಡಿಗೆ ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗುವ ಉರುಳೆ, ಅಲ್ಲಾಡಲೇ ಇಲ್ಲ. ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದರೂ ಅಷ್ಟೇ. ಹೇಗೋ ತೆರೆದು ಖಾಲಿ ಮಾಡಿ ಮನೆಗೆ ತಂದೆ. ಇಷ್ಟು ದುಡ್ಡು ಕೊಟ್ಟು ಕೆಟ್ಟ ಮಾಲು ತಂದೆನಾ? ವಾಪಸ್ ಕಳಿಸಲಾ?

ಹಳೇಕೈ:
ಕಳಿಸುವ ಮುಂಚೆ ಒಂದು ವಿಷಯ. "ಹೇಗೋ ತೆರೆದು" ಅಂದಿರಲ್ಲ, ಅದು ಓದಿ ನನಗೆ ಬೆವರು ಬಂತು. ಒಳಗೆ ಜೀವಂತ ತೋಟಾ ಇದ್ದಾಗ ಸಿಲಿಂಡರ್ ಸಿಕ್ಕಿಕೊಂಡರೆ ಮೂತಿ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗಿರಬೇಕು. ಆಮೇಲೆ ರೇಂಜಿನ ಅಧಿಕಾರಿಯನ್ನು ಕರೆಯಿರಿ. ಬಲ ಹಾಕಿ ಗುದ್ದಾಡಬೇಡಿ.

ಈಗ ಕೆಲಸಕ್ಕೆ ಬರೋಣ. ಖಾಲಿ ಅಂತ ಎರಡು ಸಲ ನೋಡಿಕೊಳ್ಳಿ. ಸಿಲಿಂಡರ್ ಮುಚ್ಚಿ, ಮೆಲ್ಲಗೆ ಹ್ಯಾಮರ್ ಎಳೆದು ಒಂದು ಸುತ್ತು ತಿರುಗಿಸಿ. ಸಲೀಸಾಗಿ ತಿರುಗುತ್ತಾ? ಆಮೇಲೆ ಆರು ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ ಅದೇ ಕೆಲಸ ಮಾಡಿ. ಎರಡರಲ್ಲಿ ಯಾವುದರಲ್ಲಿ ಉಜ್ಜುತ್ತೆ ಅಂತ ಹೇಳಿ. ಹಾಗೇ, ಖಾಲಿ ಕೇಸ್, ಅಂದರೆ ಹೊಡೆದ ತೋಟಾದ ಚಿಪ್ಪು, ಹೊರಗೆ ತಳ್ಳುವಾಗ ರಿವಾಲ್ವರ್ ಹೇಗೆ ಹಿಡಿದಿದ್ದಿರಿ?

ಹೊಸಗುರಿ:
ಖಾಲಿ ಇದ್ದಾಗ ಬೆಣ್ಣೆ ಥರ ತಿರುಗುತ್ತೆ. ಡಮ್ಮಿ ಹಾಕಿದರೆ ಬಿಗಿ. ಕೇಸ್ ತಳ್ಳುವಾಗ ಅಡ್ಡಡ್ಡ ಹಿಡಿದಿದ್ದೆ ಅಣ್ಣಾ. ಹೇಗೆ ಹಿಡಿಯಬೇಕು ಅಂತ ಯಾರೂ ಹೇಳಿರಲಿಲ್ಲ.

ಹಳೇಕೈ:
ಹಾಗಾದರೆ ಮುಕ್ಕಾಲು ಉತ್ತರ ಸಿಕ್ಕಿತು. ಸಿಲಿಂಡರಿನ ಹಿಂದೆ ನಕ್ಷತ್ರದ ಆಕಾರದ ತಟ್ಟೆ ಇದೆಯಲ್ಲ, ಕೇಸುಗಳನ್ನು ಎತ್ತುವ ಎಕ್ಸ್‌ಟ್ರಾಕ್ಟರ್, ಅದನ್ನು ರಾಡ್ ಒತ್ತಿ ಮೇಲೆತ್ತಿ. ಅದರ ಅಡಿಯಲ್ಲಿ ನೋಡಿ. ಸುಡದೆ ಉಳಿದ ಮದ್ದಿನ ಕಾಳು ಇರಬೇಕು. ಮ್ಯಾಗ್ನಂ ತೋಟಾಗಳಲ್ಲಿ ನಿಧಾನಕ್ಕೆ ಉರಿಯುವ ಮದ್ದು ಜಾಸ್ತಿ ಇರುತ್ತೆ, ಪೂರ್ತಿ ಸುಡುವುದಿಲ್ಲ. ಅಡ್ಡ ಹಿಡಿದು ಕೇಸ್ ತಳ್ಳಿದರೆ ಆ ಕಾಳು ಹೊರಗೆ ಬೀಳದೆ ತಟ್ಟೆಯ ಕೆಳಗೆ ಸೇರಿಕೊಳ್ಳುತ್ತೆ. ಒಂದೇ ಒಂದು ಕಾಳು ಸಾಕು. ತಟ್ಟೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತೆ, ಅದರ ಮೇಲೆ ಕೂತ ತೋಟಾಗಳೂ ಹಿಂದಕ್ಕೆ ಬಂದು ಫ್ರೇಮಿಗೆ ಉಜ್ಜುತ್ತವೆ. ಅದಕ್ಕೇ ಖಾಲಿಯಿದ್ದಾಗ ಸಲೀಸು, ತುಂಬಿದಾಗ ಬಿಗಿ.

ಹಳೆ ಹಲ್ಲುಜ್ಜುವ ಬ್ರಷ್ ತಗೊಂಡು ತಟ್ಟೆಯ ಕೆಳಗೂ, ಅದು ಕೂರುವ ಗುಳಿಯಲ್ಲೂ ಉಜ್ಜಿ. ಅಲ್ಲಿ ಎಣ್ಣೆ ಹಾಕಬೇಡಿ, ಕಾಳು ಅಂಟಿಕೊಳ್ಳುತ್ತೆ. ಇನ್ನು ಮೇಲೆ ಮೂತಿ ನೆಟ್ಟಗೆ ಆಕಾಶಕ್ಕೆ ಮಾಡಿ, ರಾಡನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ. ನಿಮ್ಮ ರೇಂಜಿನಲ್ಲಿ ಮೂತಿ ಎತ್ತಲು ಬಿಡುವುದಿಲ್ಲ ಅಂದರೆ ಪ್ರತಿ ಸಲ ತುಂಬುವ ಮುಂಚೆ ತಟ್ಟೆಯ ಕೆಳಗೆ ಬ್ರಷ್ ಆಡಿಸಿ.

ಲೇಥ್‌ಕೆಲಸ:
ಹಳೇಕೈ ಹೇಳಿದ್ದು ಸರಿ. ಆದರೂ ಗನ್ ಹೊಸದು, ಎರಡು ಕಡೆ ಅಳತೆ ನೋಡಿಬಿಡಿ. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. 0.10ರಿಂದ 0.25 ಮಿ.ಮೀ. ಒಳಗಿದ್ದರೆ ಚಿಂತೆ ಇಲ್ಲ. 0.05 ಆಸುಪಾಸು ಇದ್ದರೆ ಬಿಸಿಯಾದಾಗ, ಮಸಿ ಕಟ್ಟಿದಾಗ ಉಜ್ಜುತ್ತೆ. ಎರಡನೆಯದು ಎಜೆಕ್ಟರ್ ರಾಡ್, ಕೇಸ್ ತಳ್ಳಲು ಒತ್ತುವ ಅದೇ ರಾಡ್. ಹೊಸ ಗನ್ನಿನಲ್ಲಿ ಅದು ಒದೆತಕ್ಕೆ ಸಡಿಲವಾಗಿ ಉದ್ದವಾಗುವುದುಂಟು, ಆಗ ಸಿಲಿಂಡರ್ ತೆರೆಯುವುದೇ ಕಷ್ಟ. ಬಿಗಿ ಮಾಡುವ ಮುಂಚೆ ಪುಸ್ತಕ ನೋಡಿ, ಕೆಲವು ಮಾದರಿಗಳಲ್ಲಿ ಅದು ಉಲ್ಟಾ ಥ್ರೆಡ್. ಗೊತ್ತಿಲ್ಲದೆ ತಿರುಚಿ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಅಂಗಡಿಯಲ್ಲೇ ನೋಡಬೇಕಿತ್ತು ಅನ್ನಿ. ಹ್ಯಾಮರನ್ನು ನಿಧಾನಕ್ಕೆ ಎಳೆದರೆ ಅದು ನಿಲ್ಲುವ ಮುಂಚೆಯೇ ಸಿಲಿಂಡರ್ ಟಕ್ ಅಂತ ಲಾಕ್ ಆಗಬೇಕು. ತೋಟಾ ಕೂರುವ ಆರೂ ಕೋಣೆಗೆ ನೋಡಬೇಕು, ಒಂದಕ್ಕೆ ನೋಡಿ ಬಿಡುವುದಲ್ಲ.

ಹೊಸಗುರಿ:
ತಟ್ಟೆಯ ಕೆಳಗೆ ಹಳದಿ-ಹಸಿರು ಕಾಳು ಮೂರು ಸಿಕ್ಕವು! ಉಜ್ಜಿದೆ, ಡಮ್ಮಿ ಹಾಕಿದರೂ ಸಲೀಸು. ಸಂದಿ 0.15. ರಾಡ್ ಗಟ್ಟಿ ಇದೆ. ಭಾನುವಾರ ಮತ್ತೆ ಹೋಗುತ್ತೇನೆ.

ಹೊಸಗುರಿ:
ಮತ್ತೆ ಸಿಕ್ಕಿಕೊಂಡಿತು. ಈ ಸಲ ಮೂತಿ ಮೇಲೆ ಮಾಡಿಯೇ ಕೇಸ್ ತಳ್ಳಿದ್ದೆ. ಮೊದಲ ಹದಿನೆಂಟು ಚೆನ್ನಾಗಿ ಹೋದವು. ಕೊನೆಯ ಆರರಲ್ಲಿ ನಾಲ್ಕು ಹೊಡೆದೆ, ಐದನೆಯದಕ್ಕೆ ಅರ್ಧ ತಿರುಗಿ ಗಕ್ಕನೆ ನಿಂತಿತು. ಮೊದಲಿನ ಹಾಗೆ ಬಿಗಿಯಾಗುತ್ತಾ ಬರಲಿಲ್ಲ, ಗೋಡೆಗೆ ಹೊಡೆದ ಹಾಗೆ. ರೇಂಜಿನವರೇ ತೆರೆದುಕೊಟ್ಟರು.

ಹಳೇಕೈ:
ಆ ಕೊನೆಯ ಆರು ಯಾವ ತೋಟಾ?

ಹೊಸಗುರಿ:
ಅದು… ಗೆಳೆಯನೊಬ್ಬ ಮನೆಯಲ್ಲಿ ತುಂಬಿದ್ದು. 300 ಗ್ರೇನ್. ಒದೆತ ನೋಡೋಣ ಅಂತ ಸುಮ್ನೆ ಹಾಕಿದೆ.

ಹಳೇಕೈ:
ಸುಮ್ನೆ! ಗನ್ನಿನಲ್ಲಿ ಉಳಿದಿದ್ದ ಆ ಎರಡನ್ನು, ಗನ್ನಿಗೆ ಹಾಕದೆ ಪೆಟ್ಟಿಗೆಯಲ್ಲೇ ಇರುವ ಅದೇ ತೋಟಾದ ಪಕ್ಕ ನಿಲ್ಲಿಸಿ, ವರ್ನಿಯರಿನಿಂದ ಅಳೆಯಿರಿ.

ಹೊಸಗುರಿ:
ಪೆಟ್ಟಿಗೆಯಲ್ಲಿರುವುದು 40.8 ಮಿ.ಮೀ. ಉಳಿದ ಎರಡರಲ್ಲಿ ಒಂದು 43, ಇನ್ನೊಂದು 45! ಅದರ ತುದಿ ಸಿಲಿಂಡರಿನ ಮುಂದೆ ಇಣುಕುತ್ತಿತ್ತು ಅಂತ ರೇಂಜಿನವರೂ ಹೇಳಿದ್ದರು, ನನಗೆ ತಲೆಗೆ ಹೋಗಲಿಲ್ಲ.

ಹಳೇಕೈ:
ಅದೇ. ಆ ತುದಿ ಬ್ಯಾರೆಲ್ಲಿಗೋ ಫ್ರೇಮಿಗೋ ತಗುಲಿ ಸಿಲಿಂಡರ್ ನಿಂತಿದೆ. ಬಸ್ಸು ಗಕ್ಕನೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ. ಗನ್ ಹಿಂದಕ್ಕೆ ಒದೆಯುತ್ತೆ, ಕೇಸ್ ಅದರ ಜೊತೆ ಹೋಗುತ್ತೆ, ಒಳಗಿನ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತೆ. ಪ್ರತಿ ಹೊಡೆತಕ್ಕೂ ಚೂರು ಚೂರು ಮುಂದೆ ಜಾರುತ್ತೆ. ಗುಂಡು ಭಾರವಾದಷ್ಟೂ ಈ ಜಾರಾಟ ಜಾಸ್ತಿ. ತಡೆಯುವುದು ಕೇಸಿನ ಬಿಗಿ ಹಿಡಿತ ಮತ್ತು ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿನ ಗೀರಿಗೆ ಮಡಿಚಿ ಹಿಡಿಸುವುದು. ನಿಮ್ಮ ಗೆಳೆಯರು ಅದನ್ನು ಸರಿಯಾಗಿ ಮಾಡಿಲ್ಲ.

ಹೊಸಗುರಿ:
ಆ ಎರಡನ್ನು ಒತ್ತಿ ಕೂರಿಸಿ ಹೊಡೆಯಬಹುದಾ?

ಲೇಥ್‌ಕೆಲಸ:
ಬೇಡವೇ ಬೇಡ. ಹಿಡಿತ ಮೊದಲೇ ಸಡಿಲ. ಒತ್ತುವಾಗ ಜಾಸ್ತಿ ಒಳಗೆ ಹೋದರೆ ಒತ್ತಡ ಏರುತ್ತೆ. ಪೂರ್ತಿ ಪೆಟ್ಟಿಗೆ ಗೆಳೆಯರಿಗೆ ವಾಪಸ್ ಕೊಡಿ, ಬಿಚ್ಚಲಿ. ಮನೆಯಲ್ಲಿ ತುಂಬಿದ ತೋಟಾ ಹಾಕಿದರೆ ಎಷ್ಟೋ ತಯಾರಕರು ವಾರಂಟಿ ಕೊಡುವುದಿಲ್ಲ, ಅದೂ ನೆನಪಿರಲಿ.

ಹಳೇಕೈ:
ಇನ್ನು ಮೇಲೆ ಹೊಸ ತೋಟಾ ತಂದಾಗೆಲ್ಲ ಆರು ತುಂಬಿ, ಐದು ಹೊಡೆದು, ಆರನೆಯದನ್ನು ತೆಗೆದು ಅಳೆಯಿರಿ. ಉದ್ದ ಬದಲಾಗದಿದ್ದರೆ ಆ ತೋಟಾ ನಿಮ್ಮ ಗನ್ನಿಗೆ ಸರಿ. ಇನ್ನೊಂದು, ಪಿಸ್ತೂಲು ಹಿಡಿದು ರೂಢಿಯಾದವರು ಎಡ ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ಇಲ್ಲಿ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯಿಂದ ಬರುವ ಬಿಸಿ ಗಾಳಿ ಬೆರಳು ಸೀಳಿಬಿಡುತ್ತೆ. ಒದೆತ ಇನ್ನೂ ರೂಢಿಯಾಗಿಲ್ಲ ಅಂದರೆ ಒಂದೊಂದೇ ತೋಟಾ ಹಾಕಿ ಹೊಡೆಯಿರಿ. ಕೈ ಜಾರಿ, ಗೊತ್ತಿಲ್ಲದೆ ಎರಡನೇ ಸಲ ಟ್ರಿಗರ್ ಒತ್ತಿಹೋದ ಉದಾಹರಣೆಗಳಿವೆ. ಅಥವಾ .44 ಸ್ಪೆಷಲ್ ತಗೊಳ್ಳಿ, ಅದೂ ಇದರಲ್ಲಿ ಹೋಗುತ್ತೆ, ಒದೆತ ಅರ್ಧಕ್ಕರ್ಧ ಕಡಿಮೆ. ಆಮೇಲೆ ಕೋಣೆಗಳನ್ನು ಚೆನ್ನಾಗಿ ಉಜ್ಜಿ. ಅದರ ಕೇಸ್ ಗಿಡ್ಡ, ಮುಂದೆ ಮಸಿಯ ಬಳೆ ಕಟ್ಟುತ್ತೆ. ಇಲ್ಲದಿದ್ದರೆ ಮ್ಯಾಗ್ನಂ ಕೇಸ್ ಅಂಟಿಕೊಂಡಿದೆ ಅಂತ ಮತ್ತೊಂದು ಪ್ರಶ್ನೆ ಹಾಕುತ್ತೀರಿ.

ಹೊಸಗುರಿ:
ಫ್ಯಾಕ್ಟರಿ 240 ಗ್ರೇನ್ ಐದು ಹೊಡೆದು ಆರನೆಯದು ಅಳೆದೆ. ಕೂದಲಷ್ಟೂ ಬದಲಾಗಿಲ್ಲ. ಒಟ್ಟು 48 ಹೊಡೆದೆ, ಎಲ್ಲೂ ನಿಲ್ಲಲಿಲ್ಲ. ಗೆಳೆಯನಿಗೆ ಪೆಟ್ಟಿಗೆ ವಾಪಸ್ ಕೊಟ್ಟೆ, ಮುಖ ಊದಿಸಿಕೊಂಡಿದ್ದಾನೆ.