ಪದ ಬೇಕು: ‘ಫಾಲ್ಸೆತೆ’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ರಾತ್ರಿಯೊಳಗೆ)

ಹ್ಯೂಸ್ಟನ್‌ನಿಂದ
ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಕರಪತ್ರ ಅಚ್ಚಿಗೆ ಹೋಗುತ್ತೆ, ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ.

ನಮ್ಮ ಕನ್ನಡ ಕೂಟದಲ್ಲಿ ಈ ಸಲ ನನಗೆ ಹಾಡು ಕಲಿಸುವ ಟೀಚರ್ ಹಾಡುತ್ತಾರೆ. ಒಪೆರಾ ಹಾಡಿ ಬೆಳೆದವರು. ಈಗ ಮೆಕ್ಸಿಕೋದ ವಾಪಾಂಗೊ ಹಾಡುಗಳ ಹಿಂದೆ ಬಿದ್ದಿದ್ದಾರೆ. ವೆರಾಕ್ರೂಸ್, ಸಾನ್ ಲೂಯಿಸ್ ಪೊತೊಸಿ, ಇದಾಲ್ಗೊ ಎಲ್ಲ ಸೇರುವ ವಾಸ್ತೆಕ ಸೀಮೆಯ ಹಾಡುಗಳು. ಒಂದು ಪಿಟೀಲು, ಐದು ತಂತಿಯ ಹರಾನ, ಎಂಟು ತಂತಿಯ ವಾಪಾಂಗೇರ, ಅಷ್ಟೇ. ಹಾಡುತ್ತಾ ಹಾಡುತ್ತಾ ದನಿ ತಟ್ಟನೆ ಮೇಲಕ್ಕೆ ಹಾರುತ್ತೆ. ಅದೇ ಫಾಲ್ಸೆತೆ.

ಹೋದ ವಾರ ಪಾಠದಲ್ಲಿ ನನ್ನ ಕೈಯನ್ನು ತಮ್ಮ ಎದೆಮೂಳೆ ಮೇಲೆ ಇಟ್ಟುಕೊಂಡು ಹಾಡಿ ತೋರಿಸಿದರು. ಅಂಗೈಗೆ ಝುಂ ಅಂತ ತಾಗುತ್ತಿತ್ತು. ಫಾಲ್ಸೆತೆಗೆ ಹಾರಿದ ಗಳಿಗೆ ಕೈಯಡಿ ಎಲ್ಲ ನಿಂತುಹೋಯಿತು, ದನಿ ಮಾತ್ರ ನೆತ್ತಿಯ ಹತ್ತಿರ ಎಲ್ಲೋ ಕೇಳುತ್ತಿತ್ತು. “ಒಪೆರಾದಲ್ಲಿ ಎರಡು ದನಿ ಕೂಡುವ ಈ ಹೊಲಿಗೆ ಕಾಣಬಾರದು ಅಂತ ವರ್ಷಗಟ್ಟಲೆ ತಿದ್ದುತ್ತೇನೆ, ಇಲ್ಲಿ ಹೊಲಿಗೆ ಕಾಣದಿದ್ದರೆ ಹಾಡೇ ಅಲ್ಲ” ಅಂದರು. ಇದಕ್ಕೊಂದು ಪದ ಕೊಡಿ.

ಮೈಸೂರಿನಿಂದ
ಹುಸಿದನಿ. ಇದರಲ್ಲಿ ಚರ್ಚೆ ಏನಿದೆ? ಇಟಾಲಿಯನ್‌ನಲ್ಲಿ ಫಾಲ್ಸೊ ಅಂದ್ರೆ ಹುಸಿ, ಬಾಲಕ್ಕೆ ‘ಎತ್ತೊ’ ಸೇರಿದ್ರೆ ಪುಟ್ಟ ಹುಸಿ. ಸ್ಪ್ಯಾನಿಷ್‌ನದ್ದೂ ಅದೇ ಬೇರು. ಮಿಥ್ಯಾಕಂಠ ಗಿಥ್ಯಾಕಂಠ ಅಂತ ಯಾರೂ ಶುರು ಮಾಡಬೇಡಿ.

ಬೆಂಗಳೂರಿನಿಂದ
ಹಾಡುವವರ ಬಾಯಲ್ಲಿ ಆಗಲೇ ಪದ ಇದೆ ಸ್ವಾಮಿ, ಕಳ್ಳದನಿ. ತಾರಸ್ಥಾಯಿಗೆ ಹೋದಾಗ ನಾನು ದನಿ ಸಣ್ಣ ಮಾಡಿಕೊಂಡು ಜಾರಿಕೊಂಡರೆ ನಮ್ಮ ಮೇಷ್ಟ್ರು ತಾಳ ನಿಲ್ಲಿಸಿ “ಕಳ್ಳದನಿ ಬೇಡ, ಬಾಯಿ ಬಿಡು” ಅಂತ ಗದರುತ್ತಿದ್ದರು. ಅದಿರಲಿ, ಎಲ್ಲರೂ ಫಾಲ್ಸೆಟೊ ಅಂತ ಬರೆಯುವಾಗ ನಿಮ್ಮ ‘ತ’ ಎಲ್ಲಿಂದ ಬಂತು?

ಹ್ಯೂಸ್ಟನ್‌ನಿಂದ
ಸ್ಪ್ಯಾನಿಷ್‌ನವರ ನಾಲಿಗೆ ಹಲ್ಲಿಗೆ ತಾಗುತ್ತೆ, ನಮ್ಮ ‘ತ’ದ ಹಾಗೇ. ಇಂಗ್ಲಿಷ್ ಬಾಯಿ ಹಾದು ಬಂದರೆ ಮಾತ್ರ ‘ಟ’.

ಕಳ್ಳದನಿ, ಹುಸಿದನಿ ಎರಡೂ ಬೈಗುಳದ ಹಾಗೆ ಕೇಳಿಸುತ್ತಲ್ಲ, ಅದೇ ತೊಂದರೆ. ಮಿಗೆಲ್ ಆಸೆವೆಸ್ ಮೆಹಿಯಾ ಅನ್ನೋ ಗಾಯಕರನ್ನು ಮೆಕ್ಸಿಕೋದವರು ‘ಫಾಲ್ಸೆತೆಯ ರಾಜ’ ಅಂತ ಕರೆಯುತ್ತಾರೆ. ಕಳ್ಳದನಿಯ ರಾಜ ಅಂತ ಬರೀಲಾ?

ಮೈಸೂರಿನಿಂದ
ಹುಸಿ ಬೈಗುಳ ಅಂತ ಯಾರು ಹೇಳಿದ್ದು? ಹುಸಿನಗೆ, ಹುಸಿಮುನಿಸು ಕೇಳಿಲ್ವಾ? ಹುಸಿನಗೆ ನಕ್ಕವರೆಲ್ಲ ಸುಳ್ಳುಗಾರರಾ? ಅಲ್ಲಿ ಹುಸಿ ಅಂದ್ರೆ ಹಗುರ, ತೆಳು, ಸ್ವಲ್ಪ ಆಟ. ಈ ದನಿಗೆ ಇದಕ್ಕಿಂತ ಒಪ್ಪುವ ಪದ ಯಾವುದಿದೆ? ಪದದ ತೂಕ ನೋಡದೆ ಹೊರಗಿನದ್ದಕ್ಕೆ ಕೈಚಾಚೋದು ರೂಢಿಯಾಗಿಬಿಟ್ಟಿದೆ ನಮಗೆ.

ಧಾರವಾಡದಿಂದ
ಫಾಲ್ಸೆತೆ ಅಂತಲೇ ಬರೀರಿ. ವಾಪಾಂಗೊ ಅನ್ನೋದನ್ನು ಹಾಗೇ ಬಿಟ್ಟಿರಿ, ಅದಕ್ಕೆ ಯಾರೂ ಚಕಾರ ಎತ್ತಲಿಲ್ಲ. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಅದಕ್ಕೆ ‘ಮರದ ಹಲಗೆಯ ಮೇಲೆ’ ಅಂತ ಅರ್ಥ ಹೇಳ್ತಾರೆ. ಹಲಗೆ ಹಾಸಿ ಅದರ ಮೇಲೆ ಹೆಜ್ಜೆ ಕುಟ್ಟಿ ಕುಣಿಯೋದು. ಹಾಗಾದ್ರೆ ಹಲಗೆಹಾಡು ಅನ್ನಿ ನೋಡೋಣ.

ಸಪೋಟ ಅದೇ ನಾವಾತ್ಲ್‌ನ ತ್ಸಪೋತ್ಲ್. ಟೊಮೆಟೊ ತೊಮಾತ್ಲ್. ತಳ್ಳುಗಾಡಿಯವನ ಹತ್ತಿರ ಅಚ್ಚಗನ್ನಡದ ಹೆಸರು ಹೇಳಿ ಅರ್ಧ ಕೆಜಿ ತೂಗಿಸಿಕೊಂಡವರು ಇಲ್ಲಿ ಯಾರಿದ್ದೀರಿ?

ಮೈಸೂರಿನಿಂದ
ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಅದನ್ನು ಅಲ್ಲಿಯವರ ಹಾಗೆ ಚೀಲೆ ಅಂದ್ರಾ ನಿಮ್ಮ ಬ್ಯಾಡಗಿಯವರು? ಮೆಣಸು ಇತ್ತು, ಕಾಯಿ ಇತ್ತು, ಜೋಡಿಸಿದ್ರು, ಮುಗೀತು. ಯಾವ ಮೇಲ್ ಗುಂಪನ್ನೂ ಕೇಳಲಿಲ್ಲ.

ಧಾರವಾಡದಿಂದ
ಬ್ಯಾಡಗಿ ಸುದ್ದಿಗೆ ಬರಬೇಡ್ರಿ. ಮೆಣಸಿನಕಾಯಿಯನ್ನು ಬೆಳೆದವರು ಹೆಸರಿಟ್ಟರು, ತಿಂದವರು ಉಳಿಸಿದರು. ಫಾಲ್ಸೆತೆಯನ್ನು ಮೈಸೂರಲ್ಲಿ ಯಾರ ಹಿತ್ತಲಲ್ಲಿ ಬೆಳೀತಾರೆ?

ಬೆಂಗಳೂರಿನಿಂದ
ಕೀಚಲುದನಿ?

ಮೈಸೂರಿನಿಂದ
ಬೇಡ.

ಹ್ಯೂಸ್ಟನ್‌ನಿಂದ
ಕಳಿಸಿಬಿಟ್ಟೆ. ‘ಫಾಲ್ಸೆತೆ’ ಅಂತಲೇ ಇಟ್ಟು, ಪಕ್ಕದಲ್ಲಿ ‘ಎದೆಯಿಂದ ನೆತ್ತಿಗೆ ಹಾರುವ ದನಿ’ ಅಂತ ಬರೆದೆ. ಹುಸಿನಗೆಯ ಮಾತಿಗೆ ನಿಜಕ್ಕೂ ಸೋತಿದ್ದೆ. ಟೀಚರ್‌ಗೆ ಫೋನ್ ಮಾಡಿ ಹುಸಿದನಿಯ ಅರ್ಥ ಬಿಡಿಸಿ ಹೇಳಿದೆ. “ಎಲ್ಲ ಬಿಟ್ಟು ಇದನ್ನು ಕಲಿತಿದ್ದೇನೆ, ಇದನ್ನೇ ಸುಳ್ಳು ಅಂತೀಯಾ” ಅಂತ ನಕ್ಕರು. ಹುಸಿನಗೆ ಅಲ್ಲ, ಜೋರಾಗೇ.

ಮೈಸೂರಿನಿಂದ
‘ಹಾರುವ ದನಿ’ಯನ್ನು ಬ್ರಾಹ್ಮಣರ ದನಿ ಅಂತ ಓದಿಕೊಳ್ಳೋರೂ ಇದ್ದಾರೆ. ಅಚ್ಚು ಶುರುವಾಗೋ ಮುಂಚೆ ‘ಜಿಗಿಯುವ’ ಅಂತ ತಿದ್ದಿಸಿ.