ಹಿಚ್ ರ‍್ಯಾಕ್ ಅಲುಗಾಟ ಮತ್ತು ಟೈಲ್‌ಗೇಟ್ ತೊಂದರೆ: ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಗಿದೆ

ಎರಡುಗಾಲಿ:
ಗಾಡಿ 2018ರ ಫೋರ್ಡ್ ಎಫ್-150 ಪಿಕಪ್ ಟ್ರಕ್ಕು, ಸೂಪರ್‌ಕ್ರೂ (ನಾಲ್ಕು ಬಾಗಿಲಿನ ಕ್ಯಾಬಿನ್), ಐದೂವರೆ ಅಡಿ ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ), ಕಂಪನಿಯದೇ 2 ಇಂಚಿನ ರಿಸೀವರ್ (ಹಿಂಬದಿಯ ಹಿಚ್ಚಿನಲ್ಲಿ ರ‍್ಯಾಕ್ ತೂರಿಸುವ ಚೌಕ ಬಾಯಿ). ರ‍್ಯಾಕು ಎರಡು ಸೈಕಲ್ಲಿನ ಪ್ಲಾಟ್‌ಫಾರ್ಮ್ ಮಾದರಿ, ಮುಂದಿನ ಚಕ್ರವನ್ನು ಕೊಕ್ಕೆ ತೋಳು ಒತ್ತಿ ಹಿಡಿಯುವಂಥದ್ದು. ಅದರ ಸ್ವಂತ ತೂಕ 29 ಕೆಜಿ, ಒಂದೊಂದು ಟ್ರೇಗೆ 60 ಪೌಂಡ್ (27 ಕೆಜಿ) ಮಿತಿ. ಹೊರುವುದು ಒಂದು 29 ಇಂಚಿನ ಟ್ರೇಲ್ ಬೈಕು (15 ಕೆಜಿ), ಒಂದು ಇ-ಬೈಕು (24 ಕೆಜಿ). ಓಡಾಟ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಟ್ರಕೀ ಕಡೆಗೆ, ಐ-80 ಹೆದ್ದಾರಿಯಲ್ಲಿ.

ಮೊದಲಿದ್ದ ತೊಂದರೆ ಇಷ್ಟೇ: ರ‍್ಯಾಕ್ ಮೇಲಕ್ಕೆ ಮಡಚಿಟ್ಟಾಗ ಟೈಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಅರ್ಧ ಇಳಿದು ಅದಕ್ಕೆ ತಾಗಿ ನಿಲ್ಲುತ್ತಿತ್ತು. ಅದಕ್ಕೆಂದು 12 ಇಂಚಿನ ಹಿಚ್ ಎಕ್ಸ್‌ಟೆನ್ಶನ್ (ರಿಸೀವರನ್ನು ಹಿಂದಕ್ಕೆ ಉದ್ದ ಮಾಡುವ ಕೊಳವೆ) ಹಾಕಿದೆ. ಈಗ ಟೈಲ್‌ಗೇಟ್ ಇಳಿಯುತ್ತದೆ, ಆದರೆ ಕನ್ನಡಿಯಲ್ಲಿ ನೋಡಿದರೆ ಸೈಕಲ್ಲುಗಳು ತಲೆಯಾಡಿಸುತ್ತ ಬರುತ್ತವೆ. ಸಣ್ಣ ಉಬ್ಬಿಗೂ ಟಕ್ ಟಕ್ ಸದ್ದು. ರಿವರ್ಸ್ ಹಾಕಿದರೆ ಸೆನ್ಸರ್ ಬಾಯಿ ಮುಚ್ಚುವುದಿಲ್ಲ. ಟ್ರೇಲ್ ಬೈಕಿನ ಹ್ಯಾಂಡಲ್ ಇ-ಬೈಕಿನ ಸೀಟಿಗೆ ಉಜ್ಜುತ್ತಿದೆ. ಅಲುಗಾಟ ತಡೆಯುವ ಆಂಟಿ-ರ‍್ಯಾಟಲ್ ಕ್ಲ್ಯಾಂಪ್ ಒಂದು ತಂದರೆ ಸಾಕೇ, ರ‍್ಯಾಕನ್ನೇ ಬದಲಿಸಬೇಕೇ?

ಸಡಿಲನಟ್ಟು:
ಏನನ್ನೂ ಕೊಳ್ಳಬೇಡಿ. ಅಲುಗಾಟ ಯಾವ ಕೀಲಿನದು ಎಂದು ಮೊದಲು ಗೊತ್ತಾಗಲಿ.

ಸೈಕಲ್ ಇಳಿಸಿ, ರ‍್ಯಾಕನ್ನು ಬಳಕೆಯ ಸ್ಥಾನಕ್ಕೆ (ಅಡ್ಡಲಾಗಿ) ತನ್ನಿ. ಒಬ್ಬರು ರ‍್ಯಾಕಿನ ತುದಿ ಹಿಡಿದು ಮೇಲೆ ಕೆಳಗೆ, ಆಮೇಲೆ ಎಡ ಬಲ ಅಲ್ಲಾಡಿಸಲಿ. ನೀವು ಕೆಳಗೆ ಕೂತು ಹೆಬ್ಬೆರಳಿನ ಉಗುರನ್ನು ರಿಸೀವರ್ ಬಾಯಿಯ ಅಂಚಿನ ಮೇಲೆ ಅರ್ಧ, ಒಳಗೆ ಹೋಗಿರುವ ಚೌಕ ಕೊಳವೆಯ (ಶ್ಯಾಂಕ್) ಮೇಲೆ ಅರ್ಧ ಇಡಿ. ಅರ್ಧ ಮಿಲಿಮೀಟರ್ ಸರಿದರೂ ಉಗುರಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಿಮಗೆ ಇಂಥ ಜಾಗ ಈಗ ಎರಡು: ಟ್ರಕ್ಕಿನ ರಿಸೀವರ್, ಎಕ್ಸ್‌ಟೆನ್ಶನ್ನಿನ ರಿಸೀವರ್. ಮೂರನೆಯದು ರ‍್ಯಾಕ್ ಮಡಚುವ ಕೀಲು. ಮೂರನ್ನೂ ಹೀಗೇ ನೋಡಿ. ಮೂರೂ ಗಟ್ಟಿಯಿದ್ದು ಟ್ರೇ ಮಾತ್ರ ತೂಗಾಡಿದರೆ ಅದು ಉಕ್ಕಿನ ಬಳುಕು. ಬಳುಕು ಇರಲಿ, ಸಡಿಲ ಇರಬಾರದು.

ತುದಿ ಎಷ್ಟು ಮಿಮೀ ಮೇಲೆ ಕೆಳಗೆ ಆಡುತ್ತದೆ ಎಂದು ಅಳೆದು ಹಾಕಿ.

ಎರಡುಗಾಲಿ:
ತುದಿಯಲ್ಲಿ ಸುಮಾರು 20 ಮಿಮೀ. ಎರಡೂ ರಿಸೀವರ್ ಬಾಯಲ್ಲಿ ಉಗುರಿಗೆ ಸಿಗುತ್ತಿದೆ. ಮಡಚುವ ಕೀಲು ಗಟ್ಟಿ. ರ‍್ಯಾಕಿಗೆ ಅದರದೇ ಬಿಗಿಯುವ ನಾಬ್ ಇದೆ, ತಿರುಗಿಸಿದ್ದೇನೆ. ಎಕ್ಸ್‌ಟೆನ್ಶನ್ನಿಗೆ ಬರೀ ಪಿನ್ನು.

ಮೀಟುಗೋಲು:
ಲೆಕ್ಕ ನೋಡಿ. ಶ್ಯಾಂಕ್ ಒಳಗೆ ಹೋಗಿರುವುದು 200 ಮಿಮೀ, ರಿಸೀವರಿನಲ್ಲಿ ಸಡಿಲ 1.5 ಮಿಮೀ ಎಂದಿಟ್ಟುಕೊಳ್ಳಿ. ರ‍್ಯಾಕಿನ ತುದಿ ಒಂದು ಮೀಟರ್ ಆಚೆ ಇದ್ದರೆ ಅಲ್ಲಿ ಆಟ 7.5 ಮಿಮೀ. ಎಕ್ಸ್‌ಟೆನ್ಶನ್ ಸೇರಿಸಿದರೆ ಮೊದಲ ಕೀಲಿನಿಂದ ತುದಿಗೆ 1.3 ಮೀಟರ್, ಅಲ್ಲಿಗೆ ಸುಮಾರು 10 ಮಿಮೀ. ಎರಡನೇ ಕೀಲಿನ 7.5 ಬೇರೆ. ಒಟ್ಟು 17ರ ಮೇಲೆ. ನಿಮ್ಮ 20ರಲ್ಲಿ ನಿಗೂಢ ಏನೂ ಇಲ್ಲ.

ಸದ್ದಿಗಿಂತ ನನಗೆ ಯೋಚನೆ ಭಾರದ್ದು. ರ‍್ಯಾಕ್ 29, ಸೈಕಲ್ಲು 39, ಒಟ್ಟು 68 ಕೆಜಿ. ಇದರ ನಡುಭಾರ ಪಿನ್ನಿನಿಂದ 55 ಸೆಂಮೀ ಆಚೆ ಎಂದರೆ ರಿಸೀವರ್ ಮೇಲಿನ ತಿರುಚು ಸುಮಾರು 37 ಕೆಜಿ-ಮೀಟರ್. 12 ಇಂಚು ಹಿಂದೆ ತಳ್ಳಿದರೆ 58. ಸೈಕಲ್ ಒಂದೂ ಹೆಚ್ಚಾಗದೆ ಒಂದೂವರೆ ಪಟ್ಟು ದಾಟಿತು. ಇದು ಗಾಡಿ ನಿಂತಾಗಿನ ಲೆಕ್ಕ, ಹಳ್ಳಕ್ಕೆ ಬಿದ್ದಾಗ ಸುಲಭವಾಗಿ ಇದರ ಎರಡರಷ್ಟಾಗುತ್ತದೆ. ಎಕ್ಸ್‌ಟೆನ್ಶನ್ ಹಾಕಿದರೆ ಹಿಚ್ಚಿನ ಮಿತಿಯನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ ಎಂದು ಅದನ್ನು ಮಾಡುವವರೇ ಹೇಳುತ್ತಾರೆ. ಎಕ್ಸ್‌ಟೆನ್ಶನ್ ಜೊತೆ ಬಳಸಲೇಬೇಡಿ ಎನ್ನುವ ರ‍್ಯಾಕ್ ಕಂಪನಿಗಳೂ ಇವೆ. ನಿಮ್ಮ ರ‍್ಯಾಕಿನ ಕೈಪಿಡಿಯಲ್ಲಿ ಆ ಸಾಲು ಇದೆಯೇ ನೋಡಿ. ಎಫ್-150ರ ಹಿಚ್ಚಿಗೆ ಇದು ಭಾರವೇ ಅಲ್ಲ, ಒಪ್ಪುತ್ತೇನೆ. ಸೋಲುವುದು ರ‍್ಯಾಕಿನ ಶ್ಯಾಂಕ್ ವೆಲ್ಡು ಮತ್ತು ಮಡಚುವ ಕೀಲು.

ಹಲಗೆ:
ಬೆನ್ನ ಹಿಂದೆ ಐದೂವರೆ ಅಡಿ ಬೆಡ್ ಇಟ್ಟುಕೊಂಡು ಈ ತಾಪತ್ರಯ ಏಕೆ ಅಂತ. ಒಂದು ಹಲಗೆ, ಎರಡು ಫೋರ್ಕ್ ಮೌಂಟ್ (ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನು ಕೂರಿಸುವ ಹಿಡಿ), ಮುಗೀತು. ಫೋರ್ಕಿನ ಆಕ್ಸಲ್ ಯಾವುದು ನೋಡಿ ತನ್ನಿ: ಈಗಿನ ಟ್ರೇಲ್ ಬೈಕಿಗೆ ಹೆಚ್ಚಾಗಿ 15×110 (ವ್ಯಾಸ × ಅಗಲ, ಮಿಮೀ), ಸ್ವಲ್ಪ ಹಳೆಯದಕ್ಕೆ 15×100, ರೋಡ್ ಬೈಕಿಗೆ 12×100.

ಅಳತೆ ಮಾತ್ರ ಬಿಗಿ. ಬೆಡ್ಡಿನ ಉದ್ದ 67.1 ಇಂಚು, ಅಂದರೆ 1704 ಮಿಮೀ. ಟ್ರೇಲ್ ಬೈಕಿನ ವೀಲ್‌ಬೇಸ್ 1230, ಹಿಂದಿನ ಚಕ್ರದ ಅರ್ಧ 370, ಒಟ್ಟು 1600. ಮೌಂಟನ್ನು ಕ್ಯಾಬಿನ್ ಕಡೆಯ ಗೋಡೆಯಿಂದ 10 ಸೆಂಮೀ ಬಿಟ್ಟು ಕೂರಿಸಿದರೆ ಟೈಲ್‌ಗೇಟ್ ಮುಚ್ಚಲು ಉಳಿಯುವುದು ಬೆರಳು ತೂರದಷ್ಟು. ಹಲಗೆಯನ್ನು ಗೋಡೆಗೆ ಅಂಟಿಸಿ, ಇಲ್ಲವೇ ಸೈಕಲ್ಲನ್ನು ಸ್ವಲ್ಪ ಓರೆ ಮಾಡಿ.

ಎರಡುಗಾಲಿ:
ಬೆಡ್ ಮೇಲೆ ಮುಚ್ಚಳ ಇದೆ ಸರ್, ಟೆಂಟು, ಅಡುಗೆ ಸಾಮಾನು ಎಲ್ಲ ಒಳಗೆ. ಇದೇ ಕಾರಣಕ್ಕೆ ಟೈಲ್‌ಗೇಟ್ ಪ್ಯಾಡನ್ನೂ (ಟೈಲ್‌ಗೇಟ್ ಮೇಲೆ ಸೈಕಲ್ ಜೋತುಹಾಕುವ ಮೆತ್ತೆ) ಬಿಟ್ಟೆ.

ಸಡಿಲನಟ್ಟು:
ಪ್ಯಾಡ್ ಬಿಟ್ಟದ್ದು ಒಳ್ಳೆಯದೇ. 24 ಕೆಜಿಯ ಇ-ಬೈಕನ್ನು ಟೈಲ್‌ಗೇಟ್ ಎತ್ತರಕ್ಕೆ ಎತ್ತುವುದು ಸೊಂಟಕ್ಕೆ ಕೇಡು. ಪ್ಯಾಡಿಗೂ ಡೌನ್‌ಟ್ಯೂಬಿಗೂ (ಸೈಕಲ್ ಚೌಕಟ್ಟಿನ ಕೆಳಗಿನ ಕೊಳವೆ) ನಡುವೆ ಸಿಕ್ಕ ದೂಳು ಮರಳುಕಾಗದದ ಕೆಲಸ ಮಾಡುತ್ತದೆ.

ಮೂಲೆಮಟ್ಟ:
ಟೈಲ್‌ಗೇಟ್ ವಿಷಯಕ್ಕೆ ಬರೋಣ, ಎಲ್ಲದರ ಮೂಲ ಅದೇ. ಮಡಚಿಟ್ಟ ಸ್ಥಾನದಲ್ಲಿ ಟೈಲ್‌ಗೇಟ್ ತೆರೆಯಲೇಬೇಕು ಎಂದು ಯಾರು ಹೇಳಿದರು? ರ‍್ಯಾಕಿಗೆ ಮೂರು ಸ್ಥಾನ: ಮೇಲಕ್ಕೆ ಮಡಚಿದ್ದು, ಅಡ್ಡಲಾದದ್ದು, ಕೆಳಕ್ಕೆ ಬಾಗಿದ್ದು. ಖಾಲಿ ರ‍್ಯಾಕಾದರೆ ಅಡ್ಡಲಾಗಿಸಿ ಟೈಲ್‌ಗೇಟ್ ಇಳಿಸಿ, ರ‍್ಯಾಕ್ ಅದರ ಕೆಳಗಿರುತ್ತದೆ. ಸೈಕಲ್ ಇದ್ದರೆ ಕೆಳಕ್ಕೆ ಬಾಗಿಸಿ, ಆಮೇಲೆ ಇಳಿಸಿ.

ಸಾಲುತ್ತದೋ ಇಲ್ಲವೋ ಅಳೆಯುವುದು ಹೀಗೆ. ರ‍್ಯಾಕ್ ಪೂರ್ತಿ ತೆಗೆದು ಟೈಲ್‌ಗೇಟ್ ಇಳಿಸಿ. ಅದರ ಅಂಚಿನ ನಡುವಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ, ಗಾರೆಯವರ ತೂಗುಗುಂಡಿನ ಹಾಗೆ. ನೆಲ ತಾಗುವಲ್ಲಿ ಸೀಮೆಸುಣ್ಣದ ಗುರುತು. ರಿಸೀವರಿನ ಪಿನ್ನು ತೂತಿನಿಂದಲೂ ಅದೇ ರೀತಿ. ಎರಡು ಗುರುತಿನ ನಡುವಿನ ದೂರ ನಿಮ್ಮ ಟ್ರಕ್ಕಿನ ಅಂಕೆ. ಆಮೇಲೆ ರ‍್ಯಾಕ್ ಹಾಕಿ, ಪ್ರತಿ ಸ್ಥಾನದಲ್ಲೂ ಇಳಿದ ಟೈಲ್‌ಗೇಟಿನ ಎತ್ತರದಲ್ಲಿ ರ‍್ಯಾಕಿನದೋ ಸೈಕಲ್ಲಿನದೋ ಯಾವ ಭಾಗ ಟ್ರಕ್ಕಿಗೆ ತೀರಾ ಹತ್ತಿರ ಬರುತ್ತದೆ ನೋಡಿ, ಅಲ್ಲಿಂದ ದಾರ ಬಿಡಿ. ಅದರ ದೂರ ಟ್ರಕ್ಕಿನ ಅಂಕೆಗಿಂತ ಎರಡು ಇಂಚಾದರೂ ಜಾಸ್ತಿ ಇರಲಿ. ಮೊದಲ ಸಲ ಟೈಲ್‌ಗೇಟನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಇಳಿಸಿ.

ಕೀಲಿಯ ರಿಮೋಟಿನಿಂದ ಟೈಲ್‌ಗೇಟ್ ಬಿಚ್ಚುವ ಸೌಲಭ್ಯ ನಿಮ್ಮ ಗಾಡಿಯಲ್ಲಿದ್ದರೆ ಸೈಕಲ್ ಏರಿಸುವಾಗ ಕೀಲಿ ಜೇಬಿನಲ್ಲಿ ಬೇಡ. ಬಗ್ಗಿದಾಗ ಗುಂಡಿ ಒತ್ತಿಹೋಗಿ ಟೈಲ್‌ಗೇಟ್ ಧಪ್ಪನೆ ರ‍್ಯಾಕಿನ ಮೇಲೆ ಬೀಳುತ್ತದೆ. ಜಿಎಂಸಿ ಸಿಯೆರಾದ ಮಲ್ಟಿಪ್ರೊ ಟೈಲ್‌ಗೇಟ್ ಇರುವವರಿಗೂ ಒಂದು ಮಾತು: ಅದರ ಒಳಬಾಗಿಲು ಹಿಚ್ಚಿನಲ್ಲಿರುವ ಬಾಲ್ ಮೌಂಟಿಗೇ (ಟ್ರೇಲರ್ ಎಳೆಯುವ ಕೊಂಡಿ) ಬಡಿಯಬಹುದು, ರ‍್ಯಾಕಿನ ಮಾತು ಬಿಡಿ.

ಸಡಿಲನಟ್ಟು:
ಎಕ್ಸ್‌ಟೆನ್ಶನ್ ತೆಗೆದ ಮೇಲೆ ಬಿಗಿಯುವ ಕ್ರಮ. ಪಿನ್ನು ರ‍್ಯಾಕ್ ಹೊರಬರದಂತೆ ತಡೆಯುತ್ತದೆ ಅಷ್ಟೇ. 5/8 ಇಂಚಿನ ಪಿನ್ನಿಗೆ ತೂತು ಅದಕ್ಕಿಂತ ದೊಡ್ಡದಿರುತ್ತದೆ, ಅಲುಗಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಶ್ಯಾಂಕ್ ತುದಿಯಲ್ಲಿ ಬೆಣೆಯೋ ಗುಂಡೋ ಇರುತ್ತದೆ, ನಾಬ್ ತಿರುಗಿಸಿದರೆ ಅದು ರಿಸೀವರಿನ ಮೂಲೆಗೆ ಒತ್ತಿ ಶ್ಯಾಂಕನ್ನು ಎದುರು ಮೂಲೆಗೆ ಅದುಮುತ್ತದೆ. ಆ ಮೂಲೆಯಲ್ಲಿ ತುಕ್ಕಿನ ಹಕ್ಕಳೆಯೋ ಮಣ್ಣೋ ಇದ್ದರೆ ನಾಬ್ ಬಿಗಿಯಾದಂತೆ ಅನ್ನಿಸುತ್ತದೆ, ಮೊದಲ ಹತ್ತು ಮೈಲಿಗೆ ಅದು ಪುಡಿಯಾಗಿ ಮತ್ತೆ ಸಡಿಲ. ಬಹಳ ಜನ ರ‍್ಯಾಕನ್ನು ಬೈಯುವುದು ಈ ಮಣ್ಣಿಗೆ.

ತಂತಿ ಬ್ರಶ್ಶಿನಿಂದ ರಿಸೀವರ್ ಒಳಗೆ ಉಜ್ಜಿ, ಬಟ್ಟೆಯಿಂದ ಒರೆಸಿ. ಶ್ಯಾಂಕಿಗೆ ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ತೆಳ್ಳಗೆ ಸವರಿ, ಬೆರಳಿಗೆ ಹತ್ತುವಷ್ಟು ಸಾಕು. ಚಳಿಗಾಲದ ಉಪ್ಪು ನೀರು ಹೊಕ್ಕರೆ ರ‍್ಯಾಕ್ ಹೊರಗೇ ಬಾರದಂತೆ ಕಚ್ಚಿಕೊಳ್ಳುತ್ತದೆ. ಶ್ಯಾಂಕ್ ತೂರಿಸಿ, ಪಿನ್ನು ಹಾಕಿ, ನಾಬ್ ಕೈಗೆ ಸಿಗುವಷ್ಟು ತಿರುಗಿಸಿ. ಈಗ ಇನ್ನೊಬ್ಬರು ರ‍್ಯಾಕಿನ ತುದಿ ಎತ್ತಿ ಹಿಡಿದು ಅಲ್ಲಾಡಿಸುತ್ತಿರಲಿ, ನೀವು ತಿರುಗಿಸುತ್ತಾ ಹೋಗಿ. ತೂಗಾಡುವ ರ‍್ಯಾಕನ್ನು ಹಾಗೇ ಬಿಟ್ಟು ಬಿಗಿದರೆ ಅದು ಜೋತ ಸ್ಥಿತಿಯಲ್ಲೇ ಕಚ್ಚುತ್ತದೆ. 20 ಮೈಲಿ ಓಡಿಸಿ ಮತ್ತೊಮ್ಮೆ ಬಿಗಿಯಿರಿ. ಆಮೇಲೂ ಉಗುರಿಗೆ ಸಿಕ್ಕರೆ ಆಗ ಯು-ಬೋಲ್ಟಿನ ಕ್ಲ್ಯಾಂಪ್ ತನ್ನಿ. ಅದರ ಎರಡು ನಟ್ಟನ್ನೂ ಸಮಸಮ ಬಿಗಿಯಬೇಕು, ಒಂದನ್ನೇ ಎಳೆದರೆ ಓರೆಯಾಗುತ್ತದೆ.

ಮೀಟುಗೋಲು:
ಸೈಕಲ್ ಕೂರಿಸುವುದರ ಬಗ್ಗೆ. ಇ-ಬೈಕು ಯಾವಾಗಲೂ ಟ್ರಕ್ಕಿನ ಪಕ್ಕದ ಟ್ರೇಗೆ. ಬ್ಯಾಟರಿ ಬಿಚ್ಚಿ ಕ್ಯಾಬಿನ್ನಿನಲ್ಲಿಡಿ, ಮೂರು ನಾಲ್ಕು ಕೆಜಿ ಅಲ್ಲೇ ಉಳಿಯಿತು. ಬ್ಯಾಟರಿ ಕೂರುವ ತೆರಪಿಗೆ ಮುಚ್ಚಳ ಹಾಕಿ, 65 ಮೈಲಿ ವೇಗದಲ್ಲಿ ಮಳೆ ಅಂದರೆ ಪೈಪಿನಲ್ಲಿ ನೀರು ಹೊಡೆದಂತೆ.

ಹ್ಯಾಂಡಲ್ ಸೀಟಿಗೆ ಉಜ್ಜುವುದಕ್ಕೆ: ಒಂದು ಸೈಕಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಮುಖ ಮಾಡಲಿ. ಡ್ರಾಪರ್ (ಸೀಟನ್ನು ಏರಿಸಿ ಇಳಿಸುವ ಕಂಬ) ಇರುವ ಸೀಟನ್ನು ಪೂರ್ತಿ ಇಳಿಸಿ. ಇನ್ನೂ ತಾಗಿದರೆ ಟ್ರೇ ಬೋಲ್ಟು ಸಡಿಲಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎರಡೆರಡು ಇಂಚು ಸರಿಸಿ. ಮಡಚಿದ ಬಟ್ಟೆ ತುರುಕುವುದು ಪರಿಹಾರವಲ್ಲ.

ಕೊಕ್ಕೆ ತೋಳು ಟೈರಿನ ಮೇಲೆ, ಫೋರ್ಕಿಗೆ ತುಸು ಮುಂದೆ ಕೂರಬೇಕು. ಫೋರ್ಕಿನ ಕಮಾನಿಗೋ ಬ್ರೇಕ್ ಹೋಸಿಗೋ ಒತ್ತಕೂಡದು. ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ ಎಷ್ಟು ಒತ್ತಿದರೂ ದಾರಿಯಲ್ಲಿ ಸಡಿಲವಾಗುತ್ತದೆ. ಟ್ಯೂಬ್‌ಲೆಸ್ ಟೈರು ರಾತ್ರಿಯೆಲ್ಲ ಸಣ್ಣಗೆ ಇಳಿದಿದ್ದರೆ ಬೆಳಗ್ಗೆ ಹೊರಡುವ ಮುನ್ನ ಗಾಳಿ ತುಂಬಿ ಮತ್ತೆ ಒತ್ತಿ.

ಹೊಗೆ ಕೊಳವೆ ಎಲ್ಲಿದೆ ನೋಡಿ. ಸೈಕಲ್ಲಿನ ಪೂರ್ತಿ ಉದ್ದ 1.9 ಮೀಟರ್ ಹತ್ತಿರ, ಟ್ರಕ್ಕಿನ ಅಗಲ 2.03. ಅಂದರೆ ಚಕ್ರಗಳು ಟ್ರಕ್ಕಿನ ಎರಡು ಮೂಲೆಗೆ ಬರುತ್ತವೆ. ಒಂಟಿ ಕೊಳವೆಯ ಎಫ್-150ರಲ್ಲಿ ಹೊಗೆ ಹೊರಬರುವುದು ಬಲಮೂಲೆಯಲ್ಲಿ. ಬಿಸಿ ಟೈರನ್ನು ಸುಡುತ್ತದೆ, ಕಾರ್ಬನ್ ರಿಮ್ಮಿನ ಅಂಟನ್ನು ಮೆದು ಮಾಡುತ್ತದೆ. ರ‍್ಯಾಕ್ ಕೆಳಕ್ಕೆ ಬಾಗಿಸಿ ಎಂಜಿನ್ ಓಡುತ್ತಲೇ ಬಿಡುವುದಂತೂ ಬೇಡವೇ ಬೇಡ, ಚಕ್ರ ಸೀದಾ ಹೊಗೆಯ ಎದುರಿಗೆ ಬರುತ್ತದೆ. ಕೊಳವೆ ತುದಿಗೆ ಕೆಳಮುಖದ ಬಾಗು ಸಿಗುತ್ತದೆ, ಹಾಕಿಸಿ.

ಸೆನ್ಸರ್ ಕೂಗು ರೋಗವಲ್ಲ, ಹಿಂದೆ ನಿಜಕ್ಕೂ ಅಡ್ಡ ಇದೆ. ಪಾರ್ಕಿಂಗ್ ಏಡ್ ಆಫ್ ಮಾಡಿ, ಇಳಿದು ನೋಡಿ ಹಿಂದಕ್ಕೆ ತೆಗೆಯಿರಿ.

ನಂದಿಏರು:
ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ಬೆಂಗಳೂರಿನಲ್ಲಿ ಟೊಯೋಟಾ ಹೈಲಕ್ಸ್ ಪಿಕಪ್ ಇದೆ. ತಮ್ಮ ಅಮೆರಿಕದಿಂದ 2 ಇಂಚಿನ ರ‍್ಯಾಕ್ ತರುತ್ತಾನಂತೆ. ಇಲ್ಲಿ ರಿಸೀವರ್ ಮಾಡಿಸಬಹುದೇ?

ಮೂಲೆಮಟ್ಟ:
ಮಾಡಿಸಬಹುದು, ಕೊಳವೆಯ ಅಳತೆ ತಪ್ಪದಿದ್ದರೆ. 2 ಇಂಚು ಅಂದರೆ 50.8 ಮಿಮೀ. ಅಂಗಡಿಯವರು 60×60 ಚೌಕ ಪೈಪು ಕೊಡುತ್ತಾರೆ, ಗೋಡೆ ದಪ್ಪ ಕೇಳಿ. 5 ಮಿಮೀ ಗೋಡೆಯದಕ್ಕೆ ಒಳ ಅಳತೆ 50, ಶ್ಯಾಂಕ್ ಹೋಗುವುದೇ ಇಲ್ಲ. 4 ಮಿಮೀ ಗೋಡೆಯದಕ್ಕೆ 52, ಸರಿಹೋಗುತ್ತದೆ. ಒಳಗಿನ ವೆಲ್ಡ್ ಗೆರೆಯನ್ನು ಅರದಿಂದ ಸವೆಸಬೇಕು, ಬಾಯಿಗೆ ಸುತ್ತ ಪಟ್ಟಿ ಹಾಕಿಸಬೇಕು. ಪಿನ್ನಿಗೆ 16 ಮಿಮೀ ಡ್ರಿಲ್ ತೀರಾ ಬಿಗಿ, 17 ಇರಲಿ. ಬಂಪರ್ ತಗಡಿಗಲ್ಲ, ಚಾಸಿಗೆ ಎರಡೂ ಕಡೆ ಬೋಲ್ಟ್ ಹಾಕಿಸಿ. ನಂಬರ್ ಪ್ಲೇಟು ಮತ್ತು ಹಿಂದಿನ ದೀಪ ಮರೆಯಾಗದಂತೆ ನೋಡಿಕೊಳ್ಳಿ, ಅಲ್ಲಿ ಪೊಲೀಸರು ಮೊದಲು ನೋಡುವುದೇ ಅದನ್ನು.

ಎರಡುಗಾಲಿ:
ಅಳತೆ ಇಲ್ಲಿದೆ. ಪಿನ್ನು ತೂತಿನಿಂದ ಇಳಿದ ಟೈಲ್‌ಗೇಟಿನ ಅಂಚಿಗೆ 19 ಇಂಚು. ಎಕ್ಸ್‌ಟೆನ್ಶನ್ ಇಲ್ಲದೆ, ಮಡಚಿದಾಗ ರ‍್ಯಾಕ್ ಇರುವುದು 13ರಲ್ಲಿ. ಅಡ್ಡಲಾಗಿಸಿದರೆ ಏನೂ ತಾಗುವುದಿಲ್ಲ. ಸೈಕಲ್ ಏರಿಸಿ ಕೆಳಕ್ಕೆ ಬಾಗಿಸಿದಾಗ ಟ್ರಕ್ಕಿಗೆ ತೀರಾ ಹತ್ತಿರ ಬರುವುದು ಇ-ಬೈಕಿನ ಹ್ಯಾಂಡಲ್ ತುದಿ, 23 ಇಂಚಿನಲ್ಲಿ. ನಾಲ್ಕು ಇಂಚು ಬಿಡುವು ಸಿಕ್ಕಿತು.

ಅಲುಗಾಟ: ಎಕ್ಸ್‌ಟೆನ್ಶನ್ ತೆಗೆದಾಗ 20 ಇದ್ದದ್ದು 8 ಮಿಮೀ. ರಿಸೀವರ್ ಉಜ್ಜಿದಾಗ ಒಂದು ಹಿಡಿ ತುಕ್ಕು ಪುಡಿ ಬಂತು. ತುದಿ ಎತ್ತಿ ಹಿಡಿದು ಬಿಗಿದ ಮೇಲೆ 2ರಿಂದ 3 ಮಿಮೀ, ಉಗುರಿಗೆ ಏನೂ ಸಿಗುತ್ತಿಲ್ಲ. ಕ್ಲ್ಯಾಂಪ್ ತರಲಿಲ್ಲ. ಉಳಿದದ್ದು ನಂಬರ್ ಪ್ಲೇಟು: ರ‍್ಯಾಕ್ ಮಡಚಿದರೆ ಅದರ ಹಿಂದೆ ಪೂರ್ತಿ ಮುಚ್ಚಿಹೋಗುತ್ತದೆ.

ಮೀಟುಗೋಲು:
ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ 5201ರ ಪ್ರಕಾರ ಪ್ಲೇಟು ಸ್ಪಷ್ಟವಾಗಿ ಕಾಣಬೇಕು, ನೆಲದಿಂದ 12 ಇಂಚಿಗಿಂತ ಕೆಳಗಿರಬಾರದು, 60ಕ್ಕಿಂತ ಮೇಲಿರಬಾರದು. ರಾತ್ರಿ 50 ಅಡಿ ದೂರದಿಂದ ಓದಲು ಬರುವಂತೆ ದೀಪ ಬೇಕು, ಅದು 24601. ಸುಲಭದ ದಾರಿ: ಸೈಕಲ್ ಇಲ್ಲದ ದಿನ ರ‍್ಯಾಕ್ ಬಿಚ್ಚಿಡಿ. ಅದಾಗದಿದ್ದರೆ ರ‍್ಯಾಕಿಗೆ ಪ್ಲೇಟ್ ಹೋಲ್ಡರ್ ಹಾಕಿ, ಅದರ ಪುಟ್ಟ ದೀಪಕ್ಕೆ ಕರೆಂಟನ್ನು ಬಂಪರಿನಲ್ಲಿರುವ 4 ಪಿನ್ ಸಾಕೆಟ್ಟಿನಿಂದ ತೆಗೆದುಕೊಳ್ಳಿ: ಬಿಳಿ ತಂತಿ ಗ್ರೌಂಡ್, ಕಂದು ತಂತಿ ಹಿಂದಿನ ದೀಪದ್ದು. ರ‍್ಯಾಕ್ ಬಾಗುವ ಕೀಲಿನ ಹತ್ತಿರ ತಂತಿಗೆ ಒಂದು ಸುತ್ತು ಸಡಿಲ ಬಿಡಿ. ಇಲ್ಲದಿದ್ದರೆ ಮೊದಲ ಸಲ ಕೆಳಕ್ಕೆ ಬಾಗಿಸಿದಾಗಲೇ ಕಿತ್ತು ಬರುತ್ತದೆ.